ಪುಣೆಯಲ್ಲಿ ಕುಳಿತು ಲೈನ್‌ಬ್ಯಾಕರ್‌ನ ವೃತ್ತಿಜೀವನವನ್ನು ಅಳೆಯುವ ಬಗೆ

ಹಿಂಜೆವಾಡಿಯ ಕಚೇರಿಗಳಲ್ಲಿ ಅಮೆರಿಕದವರೊಡನೆ ದುಡಿಯುವ ನಮ್ಮ ಕನ್ನಡಿಗರಲ್ಲಿ ಕೆಲವರಿಗೆ ಅಮೆರಿಕನ್ ಫುಟ್‌ಬಾಲ್‌ನ ರುಚಿ ಹತ್ತಿದೆ. ಆದರೆ ಚೆಂಡೆಸೆದು ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್‌ನನ್ನು ಬಿಟ್ಟು ಆಚೆಗೆ ಕಣ್ಣು ಹೋಗುವುದು ಕಡಿಮೆ. ರಕ್ಷಣಾ ಪಡೆಯ ನಡುವೆ ನಿಲ್ಲುವ ಲೈನ್‌ಬ್ಯಾಕರ್‌ನನ್ನು ಅರಿಯದೆ ಈ ಆಟ ಅರ್ಧವೂ ದಕ್ಕುವುದಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ಒಂದು ಇಡೀ ಪಂದ್ಯವನ್ನು ಅವನೊಬ್ಬನಿಗಾಗಿ ನೋಡಿ. ಅಮೆರಿಕದ ಪೂರ್ವ ಭಾಗದಲ್ಲಿ ಭಾನುವಾರ ಮಧ್ಯಾಹ್ನ 1ಕ್ಕೆ ಶುರುವಾಗುವ, ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಪಂದ್ಯಗಳು ನಮಗೆ ರಾತ್ರಿ 10.30ಕ್ಕೆ, ನವೆಂಬರ್ ಮೊದಲ ಭಾನುವಾರದಿಂದ 11.30ಕ್ಕೆ ಸಿಗುತ್ತವೆ. ಹೆಲ್ಮೆಟ್‌ನ ಹಿಂಬದಿಯಲ್ಲಿ ಹಸಿರು ಚುಕ್ಕೆಯಿರುವ ರಕ್ಷಣಾ ಆಟಗಾರನನ್ನು ಹುಡುಕಿ. ಹೆಚ್ಚಾಗಿ ಅವನು ಲೈನ್‌ಬ್ಯಾಕರನೇ ಆಗಿರುತ್ತಾನೆ. ಅವನ ಕಿವಿಗೆ ಬರುವ ತರಬೇತುದಾರರ ಮಾತು, ಪ್ರತಿ ಬಾರಿ ಚೆಂಡು ಕದಲುವ ಮುನ್ನ ಓಡುವ ಗಡಿಯಾರದಲ್ಲಿ (ಪ್ಲೇ ಕ್ಲಾಕ್) 15 ಸೆಕೆಂಡು ಉಳಿದಾಗ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಅವನು ಕಂಡದ್ದು, ಕೂಗಿ ಹೇಳಿದ್ದು ಎಲ್ಲವೂ ಅವನದೇ ತೀರ್ಮಾನ. ಚೆಂಡು ಕದಲಿದೊಡನೆ ಎದುರಾಳಿಯ ಮುಂಚೂಣಿಯಲ್ಲಿ ನಿಂತು ತಡೆಯೊಡ್ಡುವ ಗಾರ್ಡ್ ಮುಂದಕ್ಕೆ ನುಗ್ಗಿದರೆ ಓಟದ ಆಟ, ಎದೆಯೆತ್ತಿ ಹಿಂದೆ ಸರಿದರೆ ಪಾಸ್ (ಚೆಂಡೆಸೆತ), ಪಕ್ಕಕ್ಕೆ ಓಡಿದರೆ ಓಟಗಾರ ಬಹುಶಃ ಅದೇ ದಿಕ್ಕಿಗೆ ಬರುತ್ತಾನೆ ಎಂದು ಅವನು ಕ್ಷಣಾರ್ಧದಲ್ಲಿ ಗ್ರಹಿಸಬೇಕು. ಪುಣೆಯ ಬಾಲೇವಾಡಿ ಕ್ರೀಡಾಂಗಣದಲ್ಲಿ ಕಬಡ್ಡಿ ಕಂಡವರಿಗೆ ಇದು ಬೇಗ ಹಿಡಿಯುತ್ತದೆ, ಏಕೆಂದರೆ ಅಲ್ಲಿಯೂ ಒಳ್ಳೆಯ ಕಾರ್ನರ್ ಆಟಗಾರ ರೇಡರ್‌ನ ಮುಖವನ್ನಲ್ಲ, ಕಾಲನ್ನು ನೋಡುತ್ತಾನೆ. ನೇರಪ್ರಸಾರದ ಕ್ಯಾಮೆರಾ ಚೆಂಡಿನ ಬೆನ್ನು ಹತ್ತುವುದರಿಂದ, 22 ಆಟಗಾರರೂ ಕಾಣುವ ಎತ್ತರದ ದೃಶ್ಯಗಳು ದೊರೆತರೆ ಅವನ್ನೇ ಆರಿಸಿಕೊಳ್ಳಿ.

ಅಂಕಿಗಳನ್ನು ಆಮೇಲೆ ತೆರೆಯಿರಿ, ಅದೂ ಎಚ್ಚರದಿಂದ. ಸ್ಯಾಕ್‌ಗಳ, ಅಂದರೆ ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯುವ ಮುನ್ನವೇ ಅವನನ್ನು ಕೆಡವುವುದರ ಅಧಿಕೃತ ಎಣಿಕೆ ಆರಂಭವಾದದ್ದು 1982ರಲ್ಲಿ. ಹಾಗಾಗಿ 1981ರಲ್ಲಿ ಕಣಕ್ಕಿಳಿದ ಲೈನ್‌ಬ್ಯಾಕರ್ ಲಾರೆನ್ಸ್ ಟೇಲರ್ ಅವರ 132.5 ಸ್ಯಾಕ್‌ಗಳ ಲೆಕ್ಕದಲ್ಲಿ ಅವರ ಮೊದಲ ಋತುವೇ ಸೇರಿಲ್ಲ.

ವರ್ಷಗಳನ್ನು ಎಣಿಸುವಾಗ ಇನ್ನೂ ಹೆಚ್ಚಿನ ವಿವೇಚನೆ ಬೇಕು. 1996ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ವಾರ್ಷಿಕ ಪ್ರಕ್ರಿಯೆ) 26ನೆಯವರಾಗಿ ಆಯ್ಕೆಯಾದ ರೇ ಲೂಯಿಸ್ ಬಾಲ್ಟಿಮೋರ್ ತಂಡವೊಂದರಲ್ಲೇ 17 ಋತು ಆಡಿ, 2013ರ ಫೆಬ್ರವರಿಯಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದು ನಿವೃತ್ತರಾದರು. ಎದುರಾಳಿಯ ಆಟವನ್ನು ಮೊದಲೇ ಓದಿ ಕೂಗಿ ಹೇಳುವುದಕ್ಕೆ ಹೆಸರಾಗಿದ್ದ ಲ್ಯೂಕ್ ಕೀಕ್ಲಿ 2013ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾಗಿ, ತಲೆಗೆ ಪದೇ ಪದೇ ಪೆಟ್ಟು ತಿಂದು, 2020ರ ಜನವರಿಯಲ್ಲಿ 28ರ ಹರೆಯದಲ್ಲೇ ಆಟ ಬಿಟ್ಟರು. ಎಂಟೇ ಋತುಗಳೆಂದು ಅವರನ್ನು ಕೆಳಗಿಡುವುದು ಅನ್ಯಾಯ. 20 ಋತು ಆಡಿದ ಜೂನಿಯರ್ ಸೇಯು 2012ರಲ್ಲಿ ತೀರಿಕೊಂಡ ಬಳಿಕ ಅವರ ಮಿದುಳಿನಲ್ಲಿ, ಮರುಕಳಿಸುವ ಪೆಟ್ಟುಗಳಿಗೆ ನಂಟಿರುವ ಸಿಟಿಇ ರೋಗ ಕಂಡುಬಂತು. ದೀರ್ಘ ವೃತ್ತಿಯನ್ನು ಹೊಗಳುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮನೆಯ ಮಕ್ಕಳು ತಾವೂ ಆಡುತ್ತೇವೆಂದು ಹಟ ಹಿಡಿದರೆ ಫ್ಲ್ಯಾಗ್ ಫುಟ್‌ಬಾಲ್‌ನಿಂದ ಆರಂಭಿಸಿ. ಅದರಲ್ಲಿ ಟ್ಯಾಕಲ್ ಇಲ್ಲ, ಎದುರಾಳಿಯ ಸೊಂಟಕ್ಕೆ ತೂಗುವ ಬಟ್ಟೆಪಟ್ಟಿಯನ್ನು ಕಿತ್ತರೆ ಸಾಕು. ತಂಡಕ್ಕೆ ಐವರಂತೆ ಆಡುವ ಈ ಆಟ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಸೇರಿದೆ.