ಫ್ರಾನ್ಸಿನ ಹಳ್ಳಿ ಮನೆಯ ಸೆಪ್ಟಿಕ್ ಟ್ಯಾಂಕ್ ತಕರಾರು ಬಗೆಹರಿದದ್ದು ಹೀಗೆ

ದೋರ್ದೋನ್ ಕಡೆಯ ಹಳ್ಳಿಯೊಂದರಲ್ಲಿ ನಾವು ಮೆಚ್ಚಿದ ಕಲ್ಲಿನ ಮನೆಗೆ ಹೊಸ ಅಡುಗೆಮನೆ, ಹೊಸ ಬಚ್ಚಲು, ಹೊಸ ಚಾವಣಿ ಎಲ್ಲ ಆಗಿತ್ತು. ತೊಡಕಿದ್ದದ್ದು ಹಿತ್ತಲಲ್ಲಿ. ಊರಿಗೆ ಒಳಚರಂಡಿ ಇಲ್ಲ. ಹಳೇ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎತ್ತಿದರೆ ಸಿಮೆಂಟಿನ ಅಂಚು ಕೈಗೆ ಪುಡಿಪುಡಿಯಾಗಿ ಬಂತು. ಇಂಗುಗುಂಡಿಯೇ ಇಲ್ಲ, ಕೊಳಕು ನೀರು ನೇರ ಪಕ್ಕದ ಹಳ್ಳಕ್ಕೆ!

ಇಂಥ ಮನೆ ಮಾರುವವರು ‘ಸ್ಪಾಂಕ್’ ಎಂಬ ಸ್ಥಳೀಯ ಸಾರ್ವಜನಿಕ ಸೇವೆಯ ತಪಾಸಣಾ ವರದಿ ಕೊಡಲೇಬೇಕು. ಅದು 3 ವರ್ಷಕ್ಕಿಂತ ಹಳೆಯದಾಗಿರಬಾರದು. ವ್ಯವಸ್ಥೆ ನಿಯಮಕ್ಕೆ ಹೊಂದದಿದ್ದರೆ ಕೊಂಡವರು 1 ವರ್ಷದೊಳಗೆ ಸರಿಪಡಿಸಬೇಕು, ಅಂದರೆ ಖರ್ಚು ನಮ್ಮ ತಲೆಗೇ. ನಮಗೆ ತೋರಿಸಿದ ವರದಿಯ ಅವಧಿ ಮುಗಿದಿತ್ತು. ಕರಾರಿಗೆ ಸಹಿ ಹಾಕುವ ಮೊದಲೇ ಹೊಸ ವರದಿ ಬೇಕೆಂದು ಪಟ್ಟು ಹಿಡಿದೆವು. ಸಹಿಯಾದ ಮೇಲೂ ಕಾರಣ ಹೇಳದೆ ಹಿಂದೆ ಸರಿಯಲು 10 ದಿನ ಇರುತ್ತದೆ ನಿಜ, ಆದರೆ ಅಷ್ಟರಲ್ಲಿ ತಪಾಸಣೆಯವರು ಬಂದು ಹೋಗುತ್ತಾರೆಂದು ನಂಬಿ ಕೂರಬೇಡಿ.

ಹೊಸ ವರದಿ ಬಂದ ಮೇಲೆ ಕೆಲಸಗಾರರಿಂದ ಖರ್ಚಿನ ಅಂದಾಜು ಪಟ್ಟಿ ಬರೆಸಿಕೊಂಡು ನೋಟರಿ (ಅಲ್ಲಿ ಮನೆ ಮಾರಾಟದ ಕಾಗದಪತ್ರ ಮಾಡಿಸುವ ಕಾನೂನು ಅಧಿಕಾರಿ) ಮುಂದಿಟ್ಟೆವು. ಅಷ್ಟೂ ಮೊತ್ತ ಮನೆಯ ಬೆಲೆಯಲ್ಲಿ ಇಳಿಯಿತು. ಬಾಯಿಮಾತಿಗೆ ಬಿಡದೆ ಅದನ್ನು ಕರಾರಿನಲ್ಲೇ ಸೇರಿಸಿದೆವು.

ಚಾವಣಿಯ ಬಿಲ್ಲು, ಗುತ್ತಿಗೆದಾರರ 10 ವರ್ಷದ ಖಾತರಿಯ ವಿಮಾ ಪತ್ರ ಎರಡನ್ನೂ ಇಸಿದುಕೊಂಡೆವು. ಮನೆ ಕೈ ಬದಲಾದರೂ ಆ ಖಾತರಿ ಉಳಿಯುತ್ತದೆ. ಮಾರುವವರು ತಾವೇ ಮಾಡಿಕೊಂಡ ರಿಪೇರಿಗೆ ಸಾಮಾನ್ಯವಾಗಿ ಇಂಥ ಪತ್ರ ಸಿಗುವುದಿಲ್ಲ, ಕೇಳಿ ನೋಡಿ.

ಇನ್ನೊಂದು ಮಾತು: ಹೊಸ ಟ್ಯಾಂಕ್ ಕೂರಿಸಿದ ಮೇಲೆ, ಮಣ್ಣು ಮುಚ್ಚುವ ಮುಂಚೆ, ಸ್ಪಾಂಕ್‌ನವರು ಬಂದು ನೋಡಲೇಬೇಕು.