ಮಂಡಿ ಲೆಕ್ಕದವನು ಫಿಫಾ ಕಡತ ಓದಿದ್ದು

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ 22 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮೆಕ್ಕೆಜೋಳದ ಸೀಸನ್ನಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ಉಳಿದ ದಿನಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಸುಮ್ನೆ ಕೂತಿರುವುದೇ ಕೆಲಸ. ಆ ಹೊತ್ತಿನಲ್ಲೇ ಈ ಹುಚ್ಚು ಹಿಡಿದಿದ್ದು.

ಶುರುವಾಗಿದ್ದು ಗರಡಿಯ ಹಳೇ ಗೆಳೆಯನಿಂದ. ಅವನ ಮಗಳು ರಾಜ್ಯಮಟ್ಟದ ಪಂದ್ಯಕ್ಕೆ ಹೋಗಿ ಬಂದು ಎಂಟು ತಿಂಗಳಾದರೂ ಪ್ರಯಾಣದ ಖರ್ಚು ಕೈಗೆ ಬಂದಿರಲಿಲ್ಲ. ಕೇಳಿದಾಗಲೆಲ್ಲ "ಅನುದಾನ ಬಂದಿಲ್ಲ" ಅನ್ನುವ ಉತ್ತರ. ಸಂಸ್ಥೆಯ ಹೆಸರು ಬೇಡ, ಆಟದ ಹೆಸರೂ ಬೇಡ. "ನೀನು ಲೆಕ್ಕದವನಲ್ವಾ, ಒಂಚೂರು ನೋಡು" ಅಂದ. ನೋಡು ಅಂದರೆ ಎಲ್ಲಿಂದ ನೋಡುವುದು? ಮಂಡಿಯಲ್ಲಾದರೆ ಕಿರ್ದಿ ಪುಸ್ತಕ ನನ್ನ ಕೈಯಲ್ಲೇ ಇರುತ್ತದೆ. ಬೇರೆಯವರ ಪುಸ್ತಕ ಕಣ್ಣಿಗೇ ಬೀಳದೆ ಇರುವಾಗ ಕಳ್ಳತನ ಹಿಡಿಯುವವರು ಹೇಗೆ ಹಿಡಿಯುತ್ತಾರೆ? ದೊಡ್ಡ ಕಳ್ಳರನ್ನು ಹಿಡಿದವರು ಏನು ಮಾಡಿದ್ದರು ಅಂತ ಮೊದಲು ಓದೋಣ ಅಂದುಕೊಂಡೆ.

ವಿಶ್ವ ಫುಟ್‌ಬಾಲ್ ನಡೆಸುವ ಸಂಸ್ಥೆ ಫಿಫಾದ ಲಂಚದ ಕೇಸು ಟಿವಿಯಲ್ಲಿ ನೋಡಿದ್ದು ನೆನಪಿತ್ತು. 2015ರ ಮೇ 27ರ ಬೆಳಗಿನ ಜಾವ, ಜ್ಯೂರಿಕ್‌ನ ಬೌರ್ ಓ ಲಾಕ್ ಹೋಟೆಲಿಗೆ ಪೊಲೀಸರು ಬಂದು ಏಳು ಜನ ಫುಟ್‌ಬಾಲ್ ಪದಾಧಿಕಾರಿಗಳನ್ನು ಕರೆದೊಯ್ದರು. ಕ್ಯಾಮೆರಾಗಳಿಗೆ ಮುಖ ಕಾಣಬಾರದು ಅಂತ ಹೋಟೆಲಿನವರು ಬಿಳಿ ಬೆಡ್‌ಶೀಟ್ ಅಡ್ಡ ಹಿಡಿದಿದ್ದರು. ಆವತ್ತು ಅಮೆರಿಕ ಹೊರಡಿಸಿದ ಆರೋಪಪಟ್ಟಿಯಲ್ಲಿ 14 ಜನರ ಹೆಸರಿತ್ತು. ಲಂಚದ ಲೆಕ್ಕ 15 ಕೋಟಿ ಡಾಲರಿಗೂ ಜಾಸ್ತಿ. ಆ ಆರೋಪಪಟ್ಟಿ ಯಾರು ಬೇಕಾದರೂ ಇಳಿಸಿಕೊಂಡು ಓದಬಹುದಾದ ಕಾಗದ, ನೂರೈವತ್ತಕ್ಕೂ ಜಾಸ್ತಿ ಪುಟ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಅಂಗಡಿಯ ಹುಡುಗ "ಕೋರ್ಟ್ ಕೇಸಾ ಅಣ್ಣ?" ಅಂದ. ಹೌದಪ್ಪ ಅಂದೆ, ಇನ್ನೇನು ಹೇಳುವುದು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ದಿನಕ್ಕೆ ನಾಲ್ಕು ಪುಟ ಓದಿದರೆ ಹೆಚ್ಚು. ಮೊದಲ ಹತ್ತು ದಿನ ಹೆಸರುಗಳಲ್ಲೇ ದಾರಿ ತಪ್ಪಿದೆ. ಆಮೇಲೆ ಮಂಡಿಯ ಬುದ್ಧಿ ಓಡಿತು. ಹಳೆಯದೊಂದು ಕೆಂಪು ಬಟ್ಟೆಯ ಖಾತೆ ಪುಸ್ತಕ ತೆಗೆದು ಮೂರು ಅಂಕಣ ಗೆರೆ ಹಾಕಿದೆ. ಯಾರು ಕೊಟ್ಟರು, ಯಾರಿಗೆ ಹೋಯಿತು, ಯಾವ ಹೆಸರಲ್ಲಿ ಹೋಯಿತು. ಅಷ್ಟೇ. ಕೊಟ್ಟವರು ಹೆಚ್ಚಾಗಿ ಟಿವಿ ಮತ್ತು ಜಾಹೀರಾತು ಹಕ್ಕು ಕೊಳ್ಳುವ ಕಂಪನಿಗಳು, ತೆಗೆದುಕೊಂಡವರು ಆ ಹಕ್ಕು ಮಾರುವ ಕುರ್ಚಿಯಲ್ಲಿ ಕೂತವರು. ಮೂರನೇ ಅಂಕಣ ತುಂಬುತ್ತಾ ಹೋದಾಗ ನನಗೆ ನಗು ಬಂತು. ಲಂಚ ಅಂತ ಯಾರು ಬರೆಯುತ್ತಾರೆ? ಸಲಹಾ ಶುಲ್ಕ, ಸೇವಾ ಒಪ್ಪಂದ, ನಡುವೆ ಇನ್ಯಾವುದೋ ಕಂಪನಿಯ ಖಾತೆ. ನಮ್ಮಲ್ಲೂ ಹಾಗೇ ಅಲ್ವಾ, ಇಳಿಸಬಾರದ ದುಡ್ಡು ಇಳಿಸಬೇಕಾದರೆ ಹಮಾಲಿಗೆ ನಾಲ್ಕು ಚೀಲ ಜಾಸ್ತಿ ಬರೆಯುತ್ತಾರೆ.

ನನಗೆ ಜಾಸ್ತಿ ಹಿಡಿಸಿದ್ದು ಚಕ್ ಬ್ಲೇಜರ್ ಕಥೆ. ಉತ್ತರ ಅಮೆರಿಕದ ಫುಟ್‌ಬಾಲ್ ಒಕ್ಕೂಟದ ಪ್ರಧಾನ ಕಾರ್ಯದರ್ಶಿ, ಫಿಫಾ ಕಾರ್ಯಕಾರಿ ಸಮಿತಿಯ ಸದಸ್ಯ. ನ್ಯೂಯಾರ್ಕಿನ ಟ್ರಂಪ್ ಟವರ್‌ನಲ್ಲಿ ಬೆಕ್ಕುಗಳಿಗೇ ಬೇರೆ ಮನೆ ಮಾಡಿದ್ದ ಅಂತ ಪತ್ರಿಕೆಗಳು ಬರೆದಿದ್ದವು. ಅವನು ಸಿಕ್ಕಿಬಿದ್ದದ್ದು ಫುಟ್‌ಬಾಲಿನಿಂದಲ್ಲ, ತೆರಿಗೆಯಿಂದ. 2005ರಿಂದ 2010ರವರೆಗೆ ರಿಟರ್ನ್ಸೇ ಹಾಕಿರಲಿಲ್ಲ. 2011ರಲ್ಲಿ ತೆರಿಗೆಯವರು ಮತ್ತು ಎಫ್‌ಬಿಐನವರು ನಡುರಸ್ತೆಯಲ್ಲಿ ಅವನನ್ನು ನಿಲ್ಲಿಸಿ ಮಾತಾಡಿದರು. ಅಲ್ಲಿಂದ ಅವನು ಅವರ ಕಡೆಯವನಾದ. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ರೆಕಾರ್ಡರ್ ಅಡಗಿಸಿದ ಕೀಚೈನ್ ಹಿಡಿದುಕೊಂಡು ತನ್ನವರ ಮಾತನ್ನೇ ರೆಕಾರ್ಡ್ ಮಾಡಿಕೊಟ್ಟ, 2013ರಲ್ಲಿ ಗುಟ್ಟಾಗಿ ತಪ್ಪೊಪ್ಪಿಕೊಂಡ.

ಇನ್ನೊಂದು ಐಎಸ್‌ಎಲ್ ಅನ್ನುವ ಕಂಪನಿಯದ್ದು. ಫಿಫಾದ ಹಕ್ಕುಗಳನ್ನು ಮಾರುತ್ತಿದ್ದ ಈ ಸ್ವಿಸ್ ಕಂಪನಿ 2001ರಲ್ಲಿ ದಿವಾಳಿ ಎದ್ದಿತು. ದಿವಾಳಿ ಎದ್ದರೆ ಪುಸ್ತಕಗಳೆಲ್ಲ ಹೊರಗೆ ಬರುತ್ತವೆ, ಯಾವ ಊರಾದರೂ ಅಷ್ಟೇ. 1997ರಲ್ಲಿ 15 ಲಕ್ಷ ಸ್ವಿಸ್ ಫ್ರಾಂಕ್ ಫಿಫಾದ ಅಧ್ಯಕ್ಷರಾಗಿದ್ದ ಜೊವಾವೊ ಹ್ಯಾವೆಲಾಂಜ್ ಅವರಿಗೆ ಅಂತ ಹೊರಟದ್ದು ತಪ್ಪಿ ಫಿಫಾದ ಖಾತೆಗೇ ಬಂದು ಬಿದ್ದಿತ್ತು! ಓದುತ್ತಾ ಕಾಗದ ಕೆಳಗಿಟ್ಟು ಚಹಾ ತರಿಸಿದೆ. ನಾನೂ ಒಮ್ಮೆ ಒಬ್ಬ ರೈತರ ಹಣ ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಹಾಕಿ ಮೂರು ದಿನ ನಿದ್ದೆ ಮಾಡಿರಲಿಲ್ಲ. ಅದಿರಲಿ. ಆಗಿನ ಸ್ವಿಸ್ ಕಾನೂನಿನಲ್ಲಿ ಇಂಥ ಖಾಸಗಿ ಕಮಿಷನ್ ತಿನ್ನುವುದು ಅಪರಾಧವೇ ಆಗಿರಲಿಲ್ಲ. ಕೋರ್ಟಿನ ಕಾಗದ ಹೊರಬೀಳಲು 2012ರ ಜುಲೈ ಬರಬೇಕಾಯಿತು.

ಇಲ್ಲೇ ನಾನೊಂದು ತಪ್ಪು ಮಾಡಿದೆ. ಓದಿದ್ದನ್ನೆಲ್ಲ ಗೆಳೆಯರಿಗೆ ವಾಟ್ಸಾಪಿನಲ್ಲಿ ಬರೆದು ಹಾಕುತ್ತಿದ್ದೆ. ಹ್ಯಾವೆಲಾಂಜ್ ನಂತರ ಫಿಫಾ ಅಧ್ಯಕ್ಷರಾಗಿದ್ದ ಸೆಪ್ ಬ್ಲಾಟರ್ ಬಗ್ಗೆ "ಲಂಚ ತಿಂದು ಜೈಲು ಸೇರಿದ" ಅಂತ ಬರೆದುಬಿಟ್ಟೆ. ಪರಿಚಯದ ವಕೀಲರೊಬ್ಬರು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ "ಯಾವ ಕೋರ್ಟ್ ಹೇಳಿತು ಸ್ವಾಮಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಏನೆಂದರೆ, 2011ರಲ್ಲಿ ಯುರೋಪ್ ಫುಟ್‌ಬಾಲ್ ಒಕ್ಕೂಟದ ಆಗಿನ ಅಧ್ಯಕ್ಷ ಮಿಶೆಲ್ ಪ್ಲಾಟಿನಿಗೆ ಫಿಫಾದಿಂದ ಕೊಟ್ಟ 20 ಲಕ್ಷ ಫ್ರಾಂಕ್ ವಿಚಾರದಲ್ಲಿ ಫಿಫಾದ ನೈತಿಕ ಸಮಿತಿ 2015ರ ಡಿಸೆಂಬರ್‌ನಲ್ಲಿ ಇಬ್ಬರಿಗೂ 8 ವರ್ಷ ನಿಷೇಧ ಹಾಕಿತು, ಆಮೇಲೆ ಅದು ಕಡಿಮೆಯಾಯಿತು, ಆದರೆ ಸ್ವಿಸ್ ಕೋರ್ಟು 2022ರಲ್ಲಿ ಇಬ್ಬರನ್ನೂ ಖುಲಾಸೆ ಮಾಡಿತು, ಮೇಲ್ಮನವಿಯಲ್ಲೂ 2025ರಲ್ಲಿ ಖುಲಾಸೆಯೇ ಆಯಿತು. ಬರೆದದ್ದನ್ನು ಅಳಿಸಿ ಕ್ಷಮೆ ಕೇಳಿದೆ. ಅವತ್ತಿನಿಂದ ಖಾತೆ ಪುಸ್ತಕಕ್ಕೆ ಇನ್ನೊಂದು ಅಂಕಣ ಸೇರಿತು. ಅದರಲ್ಲಿ ಬರೀ ಆರೋಪವಾ, ತಾನೇ ಒಪ್ಪಿಕೊಂಡದ್ದಾ, ಸಂಸ್ಥೆ ಹಾಕಿದ ನಿಷೇಧವಾ, ಕೋರ್ಟಿನ ತೀರ್ಪಾ ಅಂತ ಬರೆಯುತ್ತೇನೆ. ಅಥ್ಲೆಟಿಕ್ಸ್ ಒಕ್ಕೂಟದ ಲಮೀನ್ ಡಿಯಾಕ್ ಹೆಸರಿನ ಮುಂದೆ ಧೈರ್ಯವಾಗಿ "ತೀರ್ಪು" ಅಂತ ಬರೆದಿದ್ದೇನೆ. 2020ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಕೋರ್ಟು 4 ವರ್ಷ ಶಿಕ್ಷೆ ಕೊಟ್ಟಿತ್ತು, ಅದರಲ್ಲಿ 2 ವರ್ಷ ಅಮಾನತು. ರಷ್ಯಾ ಕ್ರೀಡಾಪಟುಗಳ ಡೋಪಿಂಗ್, ಅಂದರೆ ಉದ್ದೀಪನ ಮದ್ದಿನ ಬಳಕೆ, ಮುಚ್ಚಿಹಾಕಲು ದುಡ್ಡು ಪಡೆದ ಕೇಸು ಅದು.

ನಮ್ಮೂರಿನ ಕೆಲಸಕ್ಕೆ ನಿಜವಾಗಿ ದಾರಿ ತೋರಿಸಿದ್ದು ಮಾತ್ರ ಫಿಫಾ ಅಲ್ಲ, ವೇಟ್‌ಲಿಫ್ಟಿಂಗ್. ಹಂಗೇರಿಯ ತಮಾಶ್ ಅಯಾನ್ ಆ ಆಟದ ಅಂತಾರಾಷ್ಟ್ರೀಯ ಒಕ್ಕೂಟಕ್ಕೆ 1976ರಿಂದ ಪ್ರಧಾನ ಕಾರ್ಯದರ್ಶಿ, 2000ದಿಂದ ಅಧ್ಯಕ್ಷ. ಒಟ್ಟು 44 ವರ್ಷ. 2020ರ ಜನವರಿಯಲ್ಲಿ ಜರ್ಮನ್ ಟಿವಿಯ ತನಿಖಾ ವರದಿ ಬಂದ ಮೇಲೆ ಕೆನಡಾದ ವಕೀಲ ರಿಚರ್ಡ್ ಮೆಕ್ಲಾರೆನ್ ತನಿಖೆಗೆ ಕೂತರು. ಜೂನ್‌ನಲ್ಲಿ ವರದಿ ಬಂತು. 1.04 ಕೋಟಿ ಡಾಲರಿಗೆ ಲೆಕ್ಕವೇ ಇಲ್ಲ. ಡೋಪಿಂಗ್ ದಂಡವನ್ನು ದೇಶಗಳು ನಗದಾಗಿ ಅಧ್ಯಕ್ಷರ ಕೈಗೇ ಕೊಡುತ್ತಿದ್ದವು. ದೊಡ್ಡ ಕೂಟಕ್ಕೆ, ಚುನಾವಣೆ ಸಭೆಗೆ ಮುಂಚೆ ಬ್ಯಾಂಕಿನಿಂದ ದೊಡ್ಡ ಮೊತ್ತ ಎತ್ತುತ್ತಿದ್ದರು. ಅಯಾನ್ ಒಪ್ಪಲಿಲ್ಲ, ಆದರೆ 2022ರಲ್ಲಿ ಕ್ರೀಡಾ ನ್ಯಾಯಮಂಡಳಿ ಡೋಪಿಂಗ್ ಕೇಸುಗಳನ್ನು ಮುಚ್ಚಿಟ್ಟಿದ್ದಕ್ಕೆ ಆಜೀವ ನಿಷೇಧ ಹಾಕಿತು. ನಗದು ಯಾವತ್ತು ಎತ್ತಿದರು, ಆವತ್ತಿನ ಆಸುಪಾಸಿನಲ್ಲಿ ಏನಿತ್ತು ಅಂತ ತಾರೀಖು ಜೋಡಿಸುವುದು ನನಗೆ ಬರುವ ಕೆಲಸ.

ಗೆಳೆಯನ ಮಗಳ ಸಂಸ್ಥೆಗೆ ಸರ್ಕಾರದ ಅನುದಾನ ಹೋಗಿದೆಯೋ ಇಲ್ಲವೋ ಅನ್ನುವುದು ಮೊದಲ ಪ್ರಶ್ನೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ನಾನು ಎರಡು ಪುಟ ಪುರಾಣ ಬರೆದಿದ್ದೆ. ಎರಡನೇ ಸಲ ಆರೇ ಸಾಲು ಬರೆದೆ: ಇಂಥ ವರ್ಷಗಳಲ್ಲಿ ಕೊಟ್ಟ ಅನುದಾನ, ಸಂಸ್ಥೆ ಸಲ್ಲಿಸಿದ ಬಳಕೆ ಪ್ರಮಾಣಪತ್ರ, ಅದರ ಜತೆಗಿನ ಬಿಲ್ಲುಗಳ ನಕಲು. ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿದ ಮೇಲೆ ಒಂದು ಕಟ್ಟು ಸಿಕ್ಕಿತು.

ಅನುದಾನ ಬಂದಿತ್ತು. ಖರ್ಚೂ ಆಗಿತ್ತು.

ಆ ಕಟ್ಟನ್ನು ಅಂಗಡಿಯ ತಕ್ಕಡಿ ಪಕ್ಕ ಹರಡಿಕೊಂಡು ಕೂತೆ. ಮೊತ್ತಗಳೆಲ್ಲ ತಾಳೆಯಾಗುತ್ತಿದ್ದವು, ಕೂಡಿ ಕಳೆದರೆ ಒಂದು ರೂಪಾಯಿ ಆಚೀಚೆ ಇಲ್ಲ. ಅಷ್ಟು ಚೊಕ್ಕ ಇದ್ದರೆ ನನಗೆ ಅನುಮಾನ. ಆಮೇಲೆ ಮೂಲೆಯಲ್ಲಿದ್ದ ಬಿಲ್ ನಂಬರ್ ಕಣ್ಣಿಗೆ ಬಿತ್ತು. ಜನವರಿಯ ಊಟದ ಬಿಲ್ 41. ಏಪ್ರಿಲ್‌ದು 42. ಆಗಸ್ಟ್‌ದು 43. ಎಂಟು ತಿಂಗಳಲ್ಲಿ ಆ ಹೋಟೆಲಿಗೆ ಬೇರೆ ಗಿರಾಕಿಯೇ ಬಂದಿಲ್ಲವಾ? ಮೂರರಲ್ಲೂ ಒಂದೇ ಕೈಬರಹ, 7ಕ್ಕೆ ನಡುವೆ ಅಡ್ಡಗೆರೆ. ಪ್ರಯಾಣ ಭತ್ಯೆ ಪಡೆದ ಮಕ್ಕಳ ಪಟ್ಟಿಯಲ್ಲಿ ಗೆಳೆಯನ ಮಗಳ ಹೆಸರೂ ಇತ್ತು, ಮುಂದೆ ಸಹಿ. ಸಹಿ ಕನ್ನಡದಲ್ಲಿತ್ತು. ಆ ಹುಡುಗಿ ಇಂಗ್ಲಿಷಿನಲ್ಲಿ ಸಹಿ ಹಾಕುವುದು.

ವಾರ್ಷಿಕ ಸಭೆಗೆ ಗೆಳೆಯನ ಜತೆ ಹೋದೆ. ಸ್ಕಾಟ್ಲೆಂಡಿನ ಪತ್ರಕರ್ತ ಆಂಡ್ರ್ಯೂ ಜೆನ್ನಿಂಗ್ಸ್ 2002ರಲ್ಲಿ ತುಂಬಿದ ಪತ್ರಿಕಾಗೋಷ್ಠಿಯಲ್ಲಿ ಬ್ಲಾಟರ್‌ಗೆ ನೇರವಾಗಿ "ನೀವು ಯಾವತ್ತಾದರೂ ಲಂಚ ತೆಗೆದುಕೊಂಡಿದ್ದೀರಾ?" ಅಂತ ಕೇಳಿದ್ದ. ಉತ್ತರಕ್ಕಾಗಿ ಅಲ್ಲ, ಒಳಗಿನವರು ಯಾರಾದರೂ ಗುರುತಿಸಲಿ ಅಂತ. ಕೆಲವು ವಾರದಲ್ಲೇ ಅವನಿಗೆ ಕಡತಗಳು ಸಿಕ್ಕವು. ನಾನೂ ಎದ್ದು ನಿಂತು 41, 42, 43 ಯಾವ ಹೋಟೆಲಿನದು ಅಂತ ಕೇಳಿದೆ. ನನಗೆ ಯಾರೂ ಯಾವ ಕಡತವನ್ನೂ ತಂದುಕೊಡಲಿಲ್ಲ. ಹಿರಿಯರೊಬ್ಬರು ಪಕ್ಕಕ್ಕೆ ಕರೆದು ಮಂಡಕ್ಕಿ ಮಿರ್ಚಿಯ ಪ್ಲೇಟ್ ಕೈಗಿಟ್ಟು "ನಿಮ್ಮಂಥವರು ಬೇಕು, ಮುಂದಿನ ಸಲ ಖಜಾಂಚಿ ಆಗಿಬಿಡಿ" ಅಂದರು. ಮಿರ್ಚಿ ತಿಂದೆ, ಖಜಾಂಚಿ ಆಗಲಿಲ್ಲ. ಹದಿನೈದು ದಿನದೊಳಗೆ ಹುಡುಗಿಯ ಖಾತೆಗೆ ದುಡ್ಡು ಬಂತು. ಅವಳ ಜತೆ ಹೋಗಿದ್ದ ಉಳಿದ ಮಕ್ಕಳಿಗೆ ಬರಲಿಲ್ಲ. ಆ ಮಕ್ಕಳ ಅಪ್ಪ ಅಮ್ಮಂದಿರನ್ನು ಹುಡುಕಿ, ಒಬ್ಬೊಬ್ಬರ ಹತ್ತಿರವೂ ಬರೆಸಿಕೊಂಡು, ಅನುದಾನ ಕೊಟ್ಟ ಕಚೇರಿಗೆ ದೂರು ಕೊಟ್ಟಿದ್ದೇವೆ, ಸ್ವೀಕೃತಿ ಚೀಟಿ ಇದೆ.

ಈ ವರ್ಷದ ಬಿಲ್ಲುಗಳಿಗೂ ಅರ್ಜಿ ಹಾಕಿದ್ದೆ, ಹೋದ ವಾರ ಬಂದವು. ಈ ಸಲ ಮೂರು ಬೇರೆ ಬೇರೆ ಹೋಟೆಲಿನ ಬಿಲ್ಲು, ನಂಬರ್‌ಗಳೂ ದೂರ ದೂರ. 7ಕ್ಕೆ ಮಾತ್ರ ನಡುವೆ ಅಡ್ಡಗೆರೆ ಹಾಗೇ ಇದೆ.