ವೇಪ್ ಹುಡುಕುವ ಮುನ್ನ: ಸಿಗರೇಟು ಬಿಡಲು ನಿಕೋಟಿನ್ ಗಮ್ ಆರಿಸುವುದು, ಅಗಿಯುವುದು ಹೇಗೆ?

ಸಿಗರೇಟು ಬಿಡಬೇಕೆಂದಿದ್ದೇನೆ, ವೋಲ್ಟೇಜ್ ಹೆಚ್ಚು ಕಡಿಮೆ ಮಾಡಬಹುದಾದ ವೇಪ್‌ಗಳಲ್ಲಿ, ಅಂದರೆ ದ್ರವ ಕಾಯಿಸಿ ಆವಿ ಎಳೆಯುವ ಇ-ಸಿಗರೇಟುಗಳಲ್ಲಿ, ಹೊಸಬರಿಗೆ ಯಾವುದು ಒಳ್ಳೆಯದು ಎಂದು ಹಾಸನದ ಬಸ್ ನಿಲ್ದಾಣದ ಬಳಿಯ ಬೇಕರಿಯಲ್ಲಿ ಪರಿಚಯದ ಹುಡುಗನೊಬ್ಬ ಈಚೆಗೆ ನನ್ನನ್ನು ಕೇಳಿದ. ಬಿಡಬೇಕೆಂಬ ಮನಸ್ಸು ಅವನಲ್ಲಿ ನಿಜವಾಗಿ ಇತ್ತು. ಆದ್ದರಿಂದ ಅವನಿಗೆ ವಿವರವಾಗಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಉಪಕರಣವನ್ನು ಅರ್ಥಮಾಡಿಕೊಳ್ಳಬೇಕು. ಅದರೊಳಗೆ ಲಿಥಿಯಂ ಬ್ಯಾಟರಿ, ಲೋಹದ ತಂತಿಯ ಸುರುಳಿ ಮತ್ತು ನಿಕೋಟಿನ್ ಬೆರೆಸಿದ ದ್ರವವನ್ನು ಹೀರಿಕೊಂಡ ಹತ್ತಿಯ ಬತ್ತಿ ಇರುತ್ತವೆ. ಪಿಯುಸಿಯಲ್ಲಿ ಓದಿದಂತೆ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ವಿದ್ಯುತ್ ಸಾಮರ್ಥ್ಯ ಸಿಗುತ್ತದೆ. 1.8 ಓಮ್‌ನ ಸುರುಳಿಗೆ 3.7 ವೋಲ್ಟ್ ಕೊಟ್ಟರೆ ಸುಮಾರು 7.6 ವ್ಯಾಟ್, 4.8 ವೋಲ್ಟ್ ಕೊಟ್ಟರೆ 12.8 ವ್ಯಾಟ್. ವೋಲ್ಟೇಜ್ ಮೂರನೇ ಒಂದು ಭಾಗದಷ್ಟೂ ಏರದಿದ್ದರೂ ಶಾಖ ಸುಮಾರು ಮೂರನೇ ಎರಡು ಭಾಗದಷ್ಟು ಏರುತ್ತದೆ. ಬತ್ತಿ ಒಣಗಿದಾಗ ಈ ಶಾಖಕ್ಕೆ ದ್ರವ ಒಡೆದು ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹುಟ್ಟುತ್ತವೆ. ಅಮೆರಿಕದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 3.3 ವೋಲ್ಟ್‌ನಲ್ಲಿ ಕಾಣದಿದ್ದ ಅಂಥ ಸಂಯುಕ್ತಗಳು 5 ವೋಲ್ಟ್‌ನಲ್ಲಿ ಕಂಡುಬಂದವು. ಅಷ್ಟು ಕಾದರೆ ಸೀದ ರುಚಿ ಬರುವುದರಿಂದ ಯಾರೂ ಹಾಗೆ ಎಳೆಯಲಾರರು ಎಂಬ ಆಕ್ಷೇಪವೂ ಬಂತು. ಅದೇನೇ ಇರಲಿ, ಪರದೆಯ ಮೇಲಿನ ವೋಲ್ಟೇಜ್ ನೋಡಿ ಮೈಗೆ ಎಷ್ಟು ನಿಕೋಟಿನ್ ಸೇರಿತೆಂದು ಹೇಳಲಾಗದು.

ಎರಡನೆಯದಾಗಿ ಕಾನೂನು. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರದ ಸುಗ್ರೀವಾಜ್ಞೆ ಬಂದು, ಅದೇ ವರ್ಷ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರಿದವರಿಗೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೀಗಿರುವಾಗ ಕದ್ದುಮುಚ್ಚಿ ಸಿಗುವ ಸೀಸೆಯ ದ್ರವದಲ್ಲಿ ಏನಿದೆ, ಎಷ್ಟಿದೆ ಎಂಬುದಕ್ಕೆ ಹೊಣೆ ಹೊರುವವರು ಯಾರೂ ಇಲ್ಲ.

ಅಳತೆಯಿರುವ ನಿಕೋಟಿನ್, ಅಗಿಯುವ ಗಮ್ ರೂಪದಲ್ಲಿ, ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜಿಗೆ ಬರುವ ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ನೇ ಗಮ್‌ನಲ್ಲೂ ಇರುವುದು. ಆದರೆ ಸೊಪ್ಪು ಸುಟ್ಟಾಗ ಹುಟ್ಟುವ ಟಾರ್, ಕಾರ್ಬನ್ ಮಾನಾಕ್ಸೈಡ್ ಇದರಲ್ಲಿಲ್ಲ. ಗಮ್ 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂ ಎಂದು ಎರಡು ಬಗೆ. ಯಾವುದು ಬೇಕೆಂದು ತಿಳಿಯಲು ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂದು ನೋಡಿಕೊಳ್ಳಿ. ಅರ್ಧ ಗಂಟೆಯೊಳಗೆ ಹಚ್ಚುವವರಿಗೆ 4, ಅದಕ್ಕಿಂತ ತಡೆದುಕೊಳ್ಳಬಲ್ಲವರಿಗೆ 2. ನಾಲ್ಕು ಮಿಲಿಗ್ರಾಂನದಕ್ಕೆ ವೈದ್ಯರ ಚೀಟಿ ಬೇಕು. ಗರ್ಭಿಣಿಯರು, ಈಚೆಗೆ ಹೃದಯಾಘಾತವಾದವರು, 18 ವರ್ಷ ತುಂಬದವರು ಯಾವುದನ್ನೂ ವೈದ್ಯರನ್ನು ಕೇಳದೆ ಬಳಸಬಾರದು.

ಇನ್ನು ಅಗಿಯುವ ಕ್ರಮ. ಹೆಚ್ಚಿನವರು ಸೋಲುವುದು ಇಲ್ಲೇ. ಸಕಲೇಶಪುರದ ಕಡೆ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನಮ್ಮ ಭಾವನವರು ಮೊದಲ ಸಲ ಗಮ್ ತಂದಾಗ ಅಡಿಕೆ ಜಗಿದ ಹಾಗೆ ಒಂದೇ ಸಮನೆ ಜಗಿದರು. ಗಂಟಲು ಉರಿಯಿತು, ಬಿಕ್ಕಳಿಕೆ ನಿಲ್ಲಲಿಲ್ಲ, ಉಳಿದದ್ದನ್ನು ಎಸೆದುಬಿಟ್ಟರು. ಜಗಿದ ರಭಸಕ್ಕೆ ನಿಕೋಟಿನ್ ಎಲ್ಲ ಎಂಜಲಿನೊಂದಿಗೆ ಹೊಟ್ಟೆಗಿಳಿದರೆ ಹೀಗೇ ಆಗುತ್ತದೆ. ಅದು ರಕ್ತಕ್ಕೆ ಸೇರಬೇಕಾದದ್ದು ಬಾಯಿಯ ಒಳಚರ್ಮದ ಮೂಲಕ. ಆದ್ದರಿಂದ ನಾಲ್ಕಾರು ಸಲ ನಿಧಾನವಾಗಿ ಅಗಿಯಿರಿ. ಕಾಳುಮೆಣಸು ಕಚ್ಚಿದಂಥ ಚುರುಕು ತಿಳಿದೊಡನೆ ನಿಲ್ಲಿಸಿ, ಗಮ್ಮನ್ನು ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಳ್ಳಿ. ಚುರುಕು ಮಾಯವಾದ ಮೇಲೆ ಮತ್ತೆ ಅಗಿದು, ಈ ಬಾರಿ ಇನ್ನೊಂದು ಕೆನ್ನೆಯಲ್ಲಿಡಿ. ಹೀಗೆ ಅರ್ಧ ಗಂಟೆ ನಡೆಯಬೇಕು. ಎರಡನೇ ಸಲ ಭಾವನವರು ಗಡಿಯಾರ ನೋಡಿಕೊಂಡು ಹೀಗೆ ಮಾಡಿದ ಮೇಲೆ ಬಿಕ್ಕಳಿಕೆ ಬರಲಿಲ್ಲ.

ನಮ್ಮ ಮಲೆನಾಡಿನ ಕಡೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಕಾಫಿಯನ್ನು. ಕಾಫಿಯಲ್ಲಿ ಆಮ್ಲದ ಗುಣವಿದೆ. ಬಾಯಿ ಆಮ್ಲೀಯವಾದರೆ ನಿಕೋಟಿನ್ ಒಳಚರ್ಮವನ್ನು ದಾಟಲಾರದು, ಗಮ್ ವ್ಯರ್ಥವಾಗುತ್ತದೆ. ಅಗಿಯುವ 15 ನಿಮಿಷ ಮೊದಲಿನಿಂದ, ಅಗಿದು ಮುಗಿಯುವ ತನಕ ಕಾಫಿ, ಹಣ್ಣಿನ ರಸ, ಸೋಡಾ ಬೇಡ. ಇನ್ನೊಂದು ವಿಷಯವನ್ನು ಬಹಳ ಮಂದಿ ಅರಿಯರು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತಿರುತ್ತವೆ. ಹೊಗೆ ನಿಂತೊಡನೆ ಆ ವೇಗ ತಗ್ಗುತ್ತದೆ, ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಡವಡವ ಎನ್ನುತ್ತದೆ, ನಿದ್ದೆ ಬರುವುದಿಲ್ಲ. ಇದೆಲ್ಲ ಸಿಗರೇಟು ಬಿಟ್ಟದ್ದರಿಂದಲೇ ಆಯಿತೆಂದು ತಿಳಿದು ಮತ್ತೆ ಹಚ್ಚುವವರಿದ್ದಾರೆ. ಬಿಡುವ ವಾರದಿಂದಲೇ ಕಾಫಿಯನ್ನು ಅರ್ಧಕ್ಕಿಳಿಸಿ. ಹೋದ ಮನೆಯಲ್ಲೆಲ್ಲ ಲೋಟ ಮುಂದಿಡುವ ಮಲೆನಾಡಿನಲ್ಲಿ ಇದು ಸುಲಭವಲ್ಲ ಎಂಬುದನ್ನು ಬಲ್ಲೆ. ಮನೆಯ ಮಟ್ಟಿಗಾದರೂ ಪುಡಿ ಬದಲಿಸಿ: ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು, ಚಿಕೋರಿಯಲ್ಲಿ ಸ್ವಲ್ಪವೂ ಇಲ್ಲ.

ಗಮ್ಮಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯದು. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ಏಳರಿಂದ ಒಂಬತ್ತನೆಯ ವಾರದವರೆಗೆ ಎರಡರಿಂದ ನಾಲ್ಕು ಗಂಟೆಗೊಂದರಂತೆ, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದರಂತೆ ತೆಗೆದುಕೊಳ್ಳಬೇಕು. ದಿನಕ್ಕೆ 24 ಮೀರಬಾರದು. ಮೊದಲ ವಾರದಲ್ಲಿ ಚಪಲ ಬಲವಾಗಿರುತ್ತದೆ, ಆದರೆ ಒಂದೊಂದು ಸಲದ ಅದರ ಅಬ್ಬರ ಕೆಲವೇ ನಿಮಿಷಗಳದ್ದು. ಚಪಲ ಹುಟ್ಟುವ ಹೊತ್ತು ಗೊತ್ತಿದ್ದರೆ ಅದಕ್ಕೆ ಮುಂಚೆಯೇ ಗಮ್ ಬಾಯಿಗೆ ಹಾಕಿಕೊಳ್ಳಿ.

ಒಬ್ಬರಿಂದಲೇ ಆಗದು ಎನ್ನಿಸಿದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇದು ಕೇಂದ್ರ ಆರೋಗ್ಯ ಸಚಿವಾಲಯದ ತಂಬಾಕು ಬಿಡಿಸುವ ಸಹಾಯವಾಣಿ. ಜಿಲ್ಲಾ ಆಸ್ಪತ್ರೆಗೆ ಹೋಗುವವರು ತಂಬಾಕು ವ್ಯಸನಮುಕ್ತಿ ಕೇಂದ್ರ ಎಲ್ಲಿದೆ ಎಂದು ಹೊರರೋಗಿ ಚೀಟಿ ಮಾಡಿಸುವಲ್ಲೇ ಕೇಳಿ, ಬೆಳಿಗ್ಗೆ ಮೊದಲ ಸಿಗರೇಟು ಹಚ್ಚುವ ಹೊತ್ತು ಮತ್ತು ದಿನದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.